ಹಲ್ಲು ಕತ್ತರಿಸದ ಗೇರ್‌ಗೆ ಎಕ್ಸೈಸ್ ಸುಂಕ ಬೀಳುತ್ತಿತ್ತಾ? ನನ್ನ ಅನುಭವ

2017ರಲ್ಲಿ ಜಿಎಸ್‌ಟಿ ಬರುವ ಮುಂಚೆ ಗೇರ್‌ನಂಥ ಸರಕಿನ ತಯಾರಿಕೆ ಮೇಲೆ ಎಕ್ಸೈಸ್ ಸುಂಕ ಇತ್ತು. 2011ರಲ್ಲಿ ಪೀಣ್ಯದ ಒಂದು ಗೇರ್ ಫ್ಯಾಕ್ಟರಿಯಲ್ಲಿ ಅದರ ಲೆಕ್ಕ ನನ್ನ ಕೈಯಲ್ಲಿತ್ತು. ಆಡಿಟ್‌ಗೆ ಬಂದವರು ಬ್ಯಾಲೆನ್ಸ್ ಶೀಟ್‌ನಲ್ಲಿ ಅರೆಬರೆ ಸರಕಿನ ಮೊತ್ತ ತೋರಿಸಿ, "ಇದು ದಿನದ ಸ್ಟಾಕ್ ಪುಸ್ತಕದಲ್ಲಿ ಯಾಕಿಲ್ಲ? ಇದರ ಸುಂಕ ಎಲ್ಲಿ?" ಎಂದು ಕೇಳಿದರು. ಸ್ವಲ್ಪ ದಿನದಲ್ಲೇ ನೋಟಿಸ್ ಬಂತು.

ನಾನು ಮೊದಲು ಮಾಡಿದ ಕೆಲಸ, ಶಾಪ್ ಫ್ಲೋರ್‌ಗೆ ಹೋಗಿ ಒಂದೊಂದು ಹಂತದಿಂದ ಒಂದೊಂದು ಪೀಸ್ ತಂದಿದ್ದು. ಗರಗಸದಲ್ಲಿ ಕೊಯ್ದ ಬಾರ್ ತುಂಡು. ಲೇತ್‌ನಲ್ಲಿ ತಿರುಗಿಸಿ ತೂತು ಹಾಕಿದ, ಇನ್ನೂ ಹಲ್ಲಿಲ್ಲದ ಬ್ಲ್ಯಾಂಕ್. ಹಲ್ಲು ಕತ್ತರಿಸಿದ್ದು. ಗಟ್ಟಿ ಮಾಡಿ ಗ್ರೈಂಡ್ ಮಾಡಿದ್ದು. ನಾಲ್ಕನ್ನೂ ಟೇಬಲ್ ಮೇಲೆ ಸಾಲಾಗಿಟ್ಟೆ.

ನೋಟಿಸ್ ನಿಂತಿದ್ದು ಟ್ಯಾರಿಫ್‌ನ, ಅಂದರೆ ಯಾವ ಸರಕಿಗೆ ಎಷ್ಟು ಸುಂಕ ಅನ್ನುವ ಪಟ್ಟಿಯ, 2(ಎ) ನಿಯಮದ ಮೇಲೆ. ಅರ್ಧ ಆದ ವಸ್ತುವಿಗೆ ಪೂರ್ತಿ ವಸ್ತುವಿನ ಮುಖ್ಯ ಲಕ್ಷಣ ಬಂದಿದ್ದರೆ ಅದನ್ನು ಪೂರ್ತಿ ವಸ್ತುವಿನ ಶೀರ್ಷಿಕೆಯಲ್ಲೇ (ಪಟ್ಟಿಯ ಅದೇ ವರ್ಗದಲ್ಲೇ) ಸೇರಿಸಬೇಕು ಅನ್ನುತ್ತಿತ್ತು ಅದು. ಆ ಪ್ರಕಾರ ಬ್ಲ್ಯಾಂಕ್ ಕೂಡ ಗೇರೇ. ಆದರೆ ಆ ನಿಯಮ ಹೇಳುತ್ತಿದ್ದದ್ದು ವಸ್ತು ಯಾವ ಶೀರ್ಷಿಕೆಗೆ ಹೋಗುತ್ತೆ ಅಂತ ಮಾತ್ರ. ಅದಕ್ಕೂ ಮೊದಲು ಎರಡು ಪ್ರಶ್ನೆ ಇದ್ದವು. ಹೊಸ ವಸ್ತು ಹುಟ್ಟಿತಾ? ಅದು ಮಾರುಕಟ್ಟೆಯಲ್ಲಿ ಮಾರಾಟವಾಗುವಂಥದ್ದಾ? ಇವೆರಡೂ ಹೌದಾದರೆ ತಾನೇ ಶೀರ್ಷಿಕೆಯ ಮಾತು! ದೆಹಲಿ ಕ್ಲಾತ್ ಮಿಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತ್ತು. ವನಸ್ಪತಿ ಮಾಡುವಾಗ ನಡುವೆ ಸಿಗುವ, ವಾಸನೆ ತೆಗೆಯದ ಎಣ್ಣೆ ಮಾರುಕಟ್ಟೆಯ ರಿಫೈಂಡ್ ಎಣ್ಣೆಯಲ್ಲ ಅಂತ. 1986ರ ಯೂನಿಯನ್ ಕಾರ್ಬೈಡ್ ಕೇಸಿನಲ್ಲೂ ಟಾರ್ಚ್‌ಗಾಗಿ ಮಾಡಿದ ಒರಟು ಅಲ್ಯೂಮಿನಿಯಂ ಕ್ಯಾನ್‌ಗಳು ಹೀಗೇ ಸುಂಕದಿಂದ ಹೊರಗುಳಿದವು.

ಬಾರ್ ತುಂಡಿನ ವಿಷಯ ಬೇಗ ಮುಗಿಯಿತು. ಕೊಯ್ದರೂ ಅದು ಬಾರೇ ಅಲ್ವಾ?

ತಲೆ ಕೆಡಿಸಿದ್ದು ಬ್ಲ್ಯಾಂಕ್. "ಇದನ್ನು ಯಾರೂ ಕೊಳ್ಳಲ್ಲ" ಅಂತ ಉತ್ತರ ಬರೆದೂ ಆಗಿತ್ತು. ಸಹಿಗೆ ಕಳಿಸುವ ಮುಂಚೆ ಹಳೆ ಇನ್ವಾಯ್ಸ್ ಫೈಲ್ ತಿರುವಿದೆ. ಅದೇ ಅಳತೆಯ ಬ್ಲ್ಯಾಂಕ್‌ಗಳನ್ನು ನಾವೇ ಬೇರೆ ಫ್ಯಾಕ್ಟರಿಗೆ ಮಾರಿದ್ದ ಎರಡು ಇನ್ವಾಯ್ಸ್ ಸಿಕ್ಕವು, ಸುಂಕವನ್ನೂ ಕಟ್ಟಿದ್ದೆವು. ಆ ವಾಕ್ಯ ಹೊಡೆದು ಹಾಕಿದೆ. ಎಕ್ಸೈಸ್ ಕಾಯ್ದೆಗೆ 2008ರಲ್ಲಿ ಸೇರಿಸಿದ ವಿವರಣೆಯಂತೂ ಕೊಂಡು ಮಾರಲು ಆಗುವ ವಸ್ತು ಅಂದರೆ ಸಾಕು ಅನ್ನುತ್ತಿತ್ತು.

ಹಾಗಂತ ಸುಂಕ ಆ ಕ್ಷಣವೇ ಕಟ್ಟಬೇಕಿತ್ತಾ? ಇಲ್ಲ. ಹೊಣೆ ಹುಟ್ಟುತ್ತಿದ್ದದ್ದು ತಯಾರಿಕೆಯಲ್ಲಿ, ವಸೂಲಿ ಸರಕು ಫ್ಯಾಕ್ಟರಿಯಿಂದ ಹೊರಟಾಗ. ಮಷಿನ್ ಪಕ್ಕದ ಟ್ರೇಯಲ್ಲಿದ್ದ ಬ್ಲ್ಯಾಂಕ್ ಎಲ್ಲೂ ಹೊರಟಿರಲಿಲ್ಲ. ಜಾಬ್ ವರ್ಕ್‌ಗೆ, ಅಂದರೆ ಹೊರಗಿನವರ ಹತ್ತಿರ ಕೆಲಸ ಮಾಡಿಸಲು ಹೋದದ್ದು, ಸಾಗಣೆ ಚಲನ್ ಮೇಲೆ ಹೋಗಿ ಗಡುವಿನ 180 ದಿನದೊಳಗೆ ವಾಪಸ್ ಬಂದಿತ್ತು. ನಮ್ಮ ಫ್ಯಾಕ್ಟರಿಯೊಳಗೇ ಗೇರ್ ಆದದ್ದಕ್ಕೆ 67/95 ಅಧಿಸೂಚನೆಯ ವಿನಾಯಿತಿ ಇತ್ತು; ತಯಾರಿಸಿದಲ್ಲೇ ಬಳಸಿದ ಸರಕಿಗೆ ಸುಂಕ ಬಿಡುತ್ತಿದ್ದ ಆದೇಶ ಅದು.

ಒಂದು ಕಡೆ ಮಾತ್ರ ನಮ್ಮದೇ ತಪ್ಪು. ಕೆಲವು ಬ್ಲ್ಯಾಂಕ್‌ಗಳು ಸುಂಕವೇ ಇಲ್ಲದ ಒಂದು ಸಾಮಾನಿಗೆ ಹೋಗಿದ್ದವು. ಅದಕ್ಕೆ ಕ್ರೆಡಿಟ್‌ನ (ಕಚ್ಚಾ ಸಾಮಾನಿಗೆ ಕೊಟ್ಟ ಸುಂಕವನ್ನು ನಮ್ಮ ಸುಂಕದಲ್ಲಿ ಕಳೆಯುವುದರ) ಪ್ರತ್ಯೇಕ ಲೆಕ್ಕ ಇಟ್ಟಿರಲಿಲ್ಲ, ಹಾಗಾಗಿ 67/95 ಸಿಗುತ್ತಿರಲಿಲ್ಲ. ಅಷ್ಟಕ್ಕೆ ತಯಾರಿಕಾ ವೆಚ್ಚದ 110% ಬೆಲೆ ಹಿಡಿದು, ಬಡ್ಡಿ ಸೇರಿಸಿ ಕಟ್ಟಿದೆವು. ಹಣ ಕಟ್ಟಿದ ಚಲನ್ ಪ್ರತಿಯನ್ನು ಉತ್ತರದ ಜೊತೆಗೇ ಲಗತ್ತಿಸಿದೆ.

ವಿಚಾರಣೆಗೆ ನಾಲ್ಕೂ ಪೀಸ್ ಚೀಲದಲ್ಲಿ ಹೊತ್ತೊಯ್ದೆ. ಅಧಿಕಾರಿ ಬ್ಲ್ಯಾಂಕ್ ಕೈಗೆತ್ತಿಕೊಂಡು, ತೂತಿನೊಳಗೆ ಬೆರಳಾಡಿಸಿ, "ಹಲ್ಲು ಎಲ್ಲಿ ಬರುತ್ತೆ?" ಅಂತ ಕೇಳಿದರು. ತೋರಿಸಿದೆ. ನಾವು ಆಗಲೇ ಕಟ್ಟಿದ್ದಷ್ಟನ್ನು ಉಳಿಸಿಕೊಂಡು, ಬಾಕಿ ಬೇಡಿಕೆ ಕೈಬಿಟ್ಟರು.