ಹಳೇ ಲ್ಯಾಪ್‌ಟಾಪಿಗಿ ಲಿನಕ್ಸ್ ಮಿಂಟ್ ಹಾಕೋರು ಮೊದಲು ಇದನ್ನ ಓದ್ರಿ

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತಲ್ರಿ, ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗಿ 11 ಹತ್ತಲಿಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಕೇಳಿದ್ರ ‘ಹೊಸಾದು ತಗೋರಿ ಅಣ್ಣಾ’ ಅಂದ್ರು. ರೊಕ್ಕ ಎಲ್ಲಿಂದ ತರ್ಲಿ? ಇದ್ದ 4 ಜಿಬಿ ರ‍್ಯಾಮ್ ಮ್ಯಾಲೇ ಲಿನಕ್ಸ್ ಮಿಂಟ್ (ವಿಂಡೋಸ್ ಬದ್ಲಿ ಹಾಕೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್), ಅದರಾಗ ಎಕ್ಸ್‌ಎಫ್‌ಸಿಇ ಅನ್ನೋ ಹಗುರಾದ ಆವೃತ್ತಿ ಹಾಕ್ದೆ. ಮಷಿನ್ ಹಗುರಾಗ್ಯಾದ, ಖರೆ. ಆದ್ರ ಮೊದಲ ವಾರ ತಲಿ ಕೆಟ್ಟು ಹೋಗಿತ್ತು.

ದೊಡ್ಡ ಕಿರಿಕಿರಿ ಕನ್ನಡದ್ದೇ. ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಾಗ ಹೊಡೆದ ಹಳೇ ಅರ್ಜಿ ತೆಗೆದ್ರ ಬರೇ ಇಂಗ್ಲಿಷ್ ಅಕ್ಷರ, ಚಿಹ್ನಿ, ಇರುವಿ ಹರದಾಡಿದಂಗ. ಗಾಬರಿ ಆಗಬ್ಯಾಡ್ರಿ, ಫೈಲ್ ಕೆಟ್ಟಿರಂಗಿಲ್ಲ. ಅದು ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರ ಪದ್ಧತಿ) ಅಲ್ಲ, ಆ ಫಾಂಟ್ ಇದ್ರಷ್ಟೇ ಓದ್ಲಿಕ್ಕಿ ಬರ್ತದ. ವಿಂಡೋಸ್ ಅಳಿಸೋ ಮೊದಲೇ ನುಡಿ ಫಾಂಟ್ ಫೈಲು ಪೆನ್‌ಡ್ರೈವಿನಾಗ ಇಟ್ಕೋರಿ. ಮಿಂಟಿನ ಹೋಮ್ ಫೋಲ್ಡರಿನಾಗ ಇಂಗ್ಲಿಷ್ ಸಣ್ಣ ಅಕ್ಷರದಾಗ ‘ಫಾಂಟ್ಸ್’ ಅಂತ ಫೋಲ್ಡರ್ ಮಾಡಿ, ಹೆಸರಿನ ಸುರುವಿಗೇ ಒಂದು ಚುಕ್ಕಿ ಇಟ್ಟು (.fonts), ಅದರಾಗ ಹಾಕ್ರಿ. ಚುಕ್ಕಿ ಇಟ್ಟ ಕೂಡ್ಲೇ ಫೋಲ್ಡರ್ ಮಾಯ ಆಗ್ತದ. ಕಂಟ್ರೋಲ್ ಎಚ್ ಒತ್ತಿದ್ರ ಕಾಣ್ತದ. ಇದಕ್ಕ ನನ್ನ ಒಂದು ಸಂಜಿ ಹೋಯ್ತು.

ಹೊಸದಾಗಿ ಟೈಪ್ ಮಾಡ್ಲಿಕ್ಕಿ ಬ್ಯಾರೆ ಸಾಫ್ಟ್‌ವೇರ್ ಬ್ಯಾಡ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ (ಯಾವ ಕೀಗಿ ಯಾವ ಅಕ್ಷರ ಅನ್ನೋದು) ಪಟ್ಟಿಯಾಗ ‘ಕನ್ನಡ ಕಗಪ’ ಅಂತ ಒಂದದ. ನುಡಿ ರೂಢಿ ಇದ್ದ ಬೆರಳಿಗಿ ತ್ರಾಸಿಲ್ಲ, ಒತ್ತಕ್ಷರಕ್ಕ ಇಲ್ಲೂ ಎಫ್ ಕೀನೇ.

ವೈಫೈ ಸಿಗಲಿಲ್ಲಂದ್ರ ಫೋನಿಗಿ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ, ಫೋನಿನ ನೆಟ್ ಲ್ಯಾಪ್‌ಟಾಪಿಗಿ ಬರ್ತದ, ಆಮ್ಯಾಗ ಡ್ರೈವರ್ ಮ್ಯಾನೇಜರ್ ಓಪನ್ ಮಾಡಿ ವೈಫೈ ಡ್ರೈವರ್ ಅದನೇನು ನೋಡ್ರಿ.

ಮತ್ತ, ಇನ್‌ಸ್ಟಾಲ್ ಮಾಡೋಕ್ಕಿಂತ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ಒಂದಿನ ನಡಿಸಿ ನೋಡ್ರಿ. ನಾ ನೋಡಲಿಲ್ಲ, ಪ್ರಿಂಟರ್ ಇನ್ನೂ ಮಾತು ಕೇಳವಲ್ದು.