ಶವರ್ ಟ್ರೇ ಕೆಳಗೊಂದು ಬಾಗಿಲು: ಟೈಲ್ಸ್ ಒಡೆಯದೆ ಪೈಪ್ ಮುಟ್ಟುವುದು ಹೇಗೆ?

ಒಂದು ರಬ್ಬರ್ ವಾಷರ್. ಬಳೆಗಿಂತ ಸಣ್ಣದು, ಒಂದು ಕಡೆ ಮಡಚಿಕೊಂಡು ಕೂತಿತ್ತು. ಅದರ ಮುಖ ನೋಡಲು ನಮ್ಮ ಬಾತ್‌ರೂಮಿನ ಆರು ಟೈಲ್ಸ್ ಒಡೆಯಬೇಕಾಯಿತು. ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಕಂದು ಕಲೆ ಕಂಡಾಗ ಪೈಪೇ ಒಡೆದಿದೆ ಅಂದುಕೊಂಡಿದ್ದೆವು. ಪೈಪ್ ಗಟ್ಟಿಯಾಗೇ ಇತ್ತು. ವಾಷರ್ ನೇರ ಮಾಡಿ ನಟ್ ಅರ್ಧ ಸುತ್ತು ಬಿಗಿ ಮಾಡಿದೆವು, ಅಷ್ಟೇ ರಿಪೇರಿ. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಹಾಗೆ. ಹಳೇ ಬಣ್ಣದ ಟೈಲ್ಸ್ ಮತ್ತೆ ಸಿಗಲಿಲ್ಲ. ಆ ಮೂಲೆ ಇವತ್ತಿಗೂ ತೇಪೆ ಹಾಕಿದ ಅಂಗಿಯ ಹಾಗೆ ಕಾಣುತ್ತದೆ.

ಶವರ್ ಟ್ರೇ, ಅಂದರೆ ಸ್ನಾನಕ್ಕೆ ನಿಲ್ಲುವ ಅಂಚಿರುವ ತಟ್ಟೆ, ಕೂರಿಸುವಾಗಲೇ ಪಕ್ಕದಲ್ಲಿ ತೆಗೆದು ಹಾಕುವಂಥ ಒಂದು ಪ್ಯಾನೆಲ್ ಇಟ್ಟಿದ್ದರೆ ಇದು ಹತ್ತು ನಿಮಿಷದ ಕೆಲಸ. ಹೊಸದಾಗಿ ಟ್ರೇ ಹಾಕಿಸುವವರು, ಹಳೆಯದನ್ನು ಕಿತ್ತು ಬದಲಾಯಿಸುವವರು ಈ ಕ್ರಮದಲ್ಲಿ ಯೋಚನೆ ಮಾಡಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನೀರು ತಡೆಯುವ ಕೆಲಸವನ್ನು ಪ್ಯಾನೆಲ್‌ಗೆ ಯಾವತ್ತೂ ಒಪ್ಪಿಸಬೇಡಿ. ಅದು ಟ್ರೇ ಮಾಡಬೇಕಾದ ಕೆಲಸ, ಗೋಡೆ ಅಂಚಿನ ಸಿಲಿಕೋನ್ ಮಾಡಬೇಕಾದ ಕೆಲಸ. ಪ್ಯಾನೆಲ್ ಬರೀ ಬಾಗಿಲು. ಇದನ್ನು ಮರೆತವರು ಪ್ಯಾನೆಲ್ ಸುತ್ತ ಸಿಲಿಕೋನ್ ಮೆತ್ತಿ ಮೆತ್ತಿ ಕೊನೆಗೆ ಅದನ್ನು ಗೋಡೆಯಾಗಿಯೇ ಮಾಡಿಬಿಡುತ್ತಾರೆ.

ಮೊದಲು ಕೈ, ಆಮೇಲೆ ಟ್ರೇ

ಬಹಳ ಜನ ಮೊದಲು ಟ್ರೇ ಕೊಳ್ಳುತ್ತಾರೆ, ಆಮೇಲೆ ಪೈಪ್ ಎಲ್ಲಿ ಅಂತ ನೋಡುತ್ತಾರೆ. ಉಲ್ಟಾ ಮಾಡಿ. ಕೆಳಗೆ ಏನೇನು ಬಿಚ್ಚಬೇಕಾಗಬಹುದು ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಪಟ್ಟಿ ದೊಡ್ಡದೇನಲ್ಲ. ಟ್ರೇ ತೂತಿಗೆ ಕಚ್ಚುವ ವೇಸ್ಟ್ (ನೀರು ಹೊರಹೋಗುವ ಬಾಯಿ), ಅದರ ಕೆಳಗಿನ ಟ್ರ್ಯಾಪ್, ಟ್ರ್ಯಾಪಿನಿಂದ ಪೈಪ್ ಹೊರಡುವ ನಟ್, ಪೈಪ್ ತಿರುಗುವಲ್ಲಿ ಎಲ್ಬೋ. ಸೋರುವುದು ಸಾಮಾನ್ಯವಾಗಿ ಈ ಜಾಯಿಂಟುಗಳಲ್ಲೇ. ನೇರ ಪೈಪ್ ಸುಮ್ನೆ ಸೋರುವುದಿಲ್ಲ.

ಟ್ರ್ಯಾಪ್ ಅಂದರೆ ಯಾವಾಗಲೂ ಸ್ವಲ್ಪ ನೀರು ನಿಂತಿರುವ ಬಟ್ಟಲು. ಮೋರಿ ವಾಸನೆ ಮೇಲೆ ಬರದಂತೆ ತಡೆಯುವುದು ಆ ನಿಂತ ನೀರೇ. ಅದು 50 ಮಿ.ಮೀ. ಆಳ ಇರುವ ಟ್ರ್ಯಾಪನ್ನೇ ಆರಿಸಿ. ಆಳ ಕಡಿಮೆಯಾದರೆ ಬಹಳ ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಒಣಗುವ ಸಂಭವ ಜಾಸ್ತಿ. ಇನ್ನೊಂದು, ಒಳಗಿನ ಬಟ್ಟಲನ್ನು ಟ್ರೇ ಮೇಲಿನಿಂದಲೇ ಎತ್ತಿ ತೊಳೆಯುವಂಥದ್ದು ತೆಗೆದುಕೊಳ್ಳಿ. ಕೂದಲು ಕಟ್ಟುವುದು ಪದೇ ಪದೇ ಆಗುವ ತೊಂದರೆ. ಅದಕ್ಕೆಲ್ಲ ಪ್ಯಾನೆಲ್ ಬಿಚ್ಚುತ್ತಾ ಕೂರಬಾರದು. ಅಪರೂಪಕ್ಕೆ ಒಮ್ಮೆ ತೆಗೆಯುವಂತಿದ್ದರೇ ಪ್ಯಾನೆಲ್ ಚೆನ್ನಾಗಿ ಬಾಳುತ್ತದೆ.

ಈಗ ಒಂದು ರಟ್ಟಿನ ಡಬ್ಬ ತನ್ನಿ. ನಿಮ್ಮ ಟ್ರೇ ಅಳತೆಗೆ, ನಿಮ್ಮ ಎತ್ತರಕ್ಕೆ ಕತ್ತರಿಸಿ ನೆಲದ ಮೇಲಿಡಿ. ಟ್ರ್ಯಾಪ್ ಬರುವ ಜಾಗದಲ್ಲಿ ಒಂದು ಲೋಟ ಇಡಿ. ಪಕ್ಕಕ್ಕೆ ತೂತು ಕೊರೆದು, ನೆಲದ ಮೇಲೆ ಮಲಗಿ, ಕೈ ಹಾಕಿ ಲೋಟವನ್ನು ತಿರುಗಿಸಿ ನೋಡಿ. ಹಾಸ್ಯ ಅನ್ನಿಸಬಹುದು. ಆದರೆ ಕಾಗದದ ನಕ್ಷೆ ಹೇಳದ ಸತ್ಯ ಇಲ್ಲಿ ಎರಡೇ ನಿಮಿಷಕ್ಕೆ ತಿಳಿಯುತ್ತದೆ. ನಾನು ಮಾಡಿದಾಗ ಬೆರಳ ತುದಿ ಮಾತ್ರ ಲೋಟಕ್ಕೆ ತಾಗಿತು, ತಿರುಗಿಸಲು ಆಗಲೇ ಇಲ್ಲ. 900 ಮಿ.ಮೀ. ಚೌಕದ ಟ್ರೇಗೆ ನಡುವೆ ತೂತಿದ್ದರೆ, ಅಂಚಿನಿಂದ ಅದು 450 ಮಿ.ಮೀ. ದೂರ. ಅಷ್ಟು ದೂರದಲ್ಲಿ ಕೈಗೆ ಬಲ ಬರುವುದಿಲ್ಲ. ತೂತು ಒಂದು ಬದಿಗೆ ಇರುವ ಟ್ರೇ ಆರಿಸಿ, ಆ ಬದಿಯನ್ನು ಪ್ಯಾನೆಲ್ ಕಡೆಗೆ ತಿರುಗಿಸಿ ಕೂರಿಸಿ. ಪ್ಯಾನೆಲಿನಿಂದ ಟ್ರ್ಯಾಪಿಗೆ 350 ಮಿ.ಮೀ. ಒಳಗಿದ್ದರೆ ಕೆಲಸ ಸಲೀಸು.

ಪೈಪನ್ನೂ ಇದೇ ದೃಷ್ಟಿಯಲ್ಲಿ ನೋಡಿ. ಕೈಗೆ ಸಿಗದ ಭಾಗದಲ್ಲಿ ಒಂದೂ ಜಾಯಿಂಟ್ ಇಲ್ಲದ ಹಾಗೆ ಒಂದೇ ಉದ್ದದ ಪೈಪ್ ಹಾಕಿಸಿ. ತಿರುವು ಬೇಕೇ ಬೇಕು ಅಂದರೆ ಅದು ಪ್ಯಾನೆಲ್ ಹತ್ತಿರ ಬರಲಿ. ಬಿಚ್ಚಬಹುದಾದ ನಟ್‌ಗಳೆಲ್ಲ ಬಾಗಿಲ ಬಳಿ ಇರಲಿ. ಒಳಗೆ ಜಾಯಿಂಟ್ ತಪ್ಪಿಸಲು ಆಗದೇ ಹೋದರೆ ಅಂಟು ಹಾಕಿ ಕೂಡಿಸಿದ್ದು ಮಾತ್ರ ಅಲ್ಲಿರಲಿ.

ಎತ್ತರದ ಲೆಕ್ಕ

ಪ್ಲಂಬರ್ ಜೊತೆ ಜಗಳ ಶುರುವಾಗುವುದು ಇಲ್ಲೇ. ಟ್ರೇ ನೆಲಕ್ಕೆ ಅಂಟಿದ ಹಾಗಿರಬೇಕು ಅಂತ ನಮ್ಮ ಆಸೆ. ಪೈಪ್‌ಗೆ ಇಳಿಜಾರು ಬೇಕು ಅಂತ ಅವರ ಹಟ. ಅವರೇ ಸರಿ.

40ಕ್ಕೆ 1ರಂತೆ ಇಳಿಜಾರು ಕೊಟ್ಟರೆ ಪ್ರತಿ ಮೀಟರಿಗೆ ಪೈಪ್ 25 ಮಿ.ಮೀ. ಇಳಿಯುತ್ತದೆ. ಪೈಪ್ 2 ಮೀಟರ್ ಉದ್ದ ಅಂತಿಟ್ಟುಕೊಳ್ಳಿ, 50 ಮಿ.ಮೀ. ಆಯಿತು. ಗೋಡೆಯೊಳಗೆ ಹೋಗುವಲ್ಲಿ ಪೈಪಿನ ತಳ ನೆಲದಿಂದ 20 ಮಿ.ಮೀ. ಮೇಲಿದ್ದರೆ, ಟ್ರ್ಯಾಪ್ ಹತ್ತಿರ ಅದು 70 ಮಿ.ಮೀ. ಎತ್ತರದಲ್ಲಿರಬೇಕು. ಅಲ್ಲಿಂದ ಟ್ರೇ ತಳಕ್ಕೆ ಇನ್ನೊಂದು 60 ಮಿ.ಮೀ. ಬೇಕು ಅಂತಾದರೆ ಒಟ್ಟು 130. ಟ್ರೇ ಅಂಚು 40 ಮಿ.ಮೀ. ದಪ್ಪ ಸೇರಿಸಿ: 170 ಮಿ.ಮೀ. ಅಂದರೆ ಹೆಚ್ಚುಕಡಿಮೆ ಒಂದು ಮೆಟ್ಟಿಲು. ನಿಮ್ಮ ಟ್ರ್ಯಾಪ್ ಕೈಲಿ ಹಿಡಿದು ಟೇಪಿನಲ್ಲಿ ಅಳೆದು ಈ ಲೆಕ್ಕ ಮತ್ತೆ ಮಾಡಿ. ಎರಡು ಟ್ರ್ಯಾಪ್ ಒಂದೇ ಅಳತೆಯಲ್ಲಿ ಇರುವುದು ಕಡಿಮೆ.

ಮನೆಯಲ್ಲಿ ವಯಸ್ಸಾದವರು, ಮಂಡಿನೋವಿನವರು ಇದ್ದರೆ ಈ ಮೆಟ್ಟಿಲು ದಿನಾ ಕಾಡುತ್ತದೆ. ಆಗ ಪಕ್ಕದ ಪ್ಯಾನೆಲ್ ಆಸೆ ಬಿಡಿ. ಟ್ರೇಯನ್ನು ನೆಲದ ಮಟ್ಟಕ್ಕೆ ಇಳಿಸಿ, ಬಾಗಿಲನ್ನು ಗೋಡೆಯ ಆಚೆ ಬದಿಯ ಕಪಾಟಿನೊಳಗೋ ಕೆಳಗಿನ ಸೀಲಿಂಗಿನಲ್ಲೋ ಇಡಿ.

ಹೊರುವ ಚೌಕಟ್ಟು

ಟ್ರೇ ಎತ್ತರಿಸಿದ ಮೇಲೆ ಅದನ್ನು ಹೊರಲು ಏನಾದರೂ ಬೇಕು. ಎತ್ತರ ಹೊಂದಿಸುವ ಕಾಲುಗಳ ಸೆಟ್ ಸಿಗುತ್ತದೆ, ಇಲ್ಲವೇ ಚೌಕಟ್ಟು ಮಾಡಿಸಿ ಮೇಲೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ ಹಾಸಬಹುದು. ಪ್ಲೈ ಆದರೆ ಕತ್ತರಿಸಿದ ಅಂಚುಗಳಿಗೂ ಟ್ರ್ಯಾಪಿಗೆ ಕೊರೆದ ತೂತಿನ ಬಾಯಿಗೂ ಬಣ್ಣವೋ ಸೀಲರೋ ಬಳಿಯಲೇಬೇಕು. ಪ್ಲೈ ನೀರು ಕುಡಿಯುವುದು ಅಂಚಿನಿಂದಲೇ. ಚೌಕಟ್ಟು, ಪ್ಲೈ ಎರಡೂ ಆ 130ರ ಒಳಗೇ ಅಡಗಬೇಕು, ಮೇಲೆ ಸೇರಿಸಿದರೆ ಎತ್ತರ ಮತ್ತೆ ಏರುತ್ತದೆ.

ಭಾರ ಎಷ್ಟು? ಮೋರಿ ಕಟ್ಟಿ ಟ್ರೇಯಲ್ಲಿ 40 ಮಿ.ಮೀ. ನೀರು ನಿಂತಿತು ಅನ್ನಿ. 900 ಮಿ.ಮೀ. ಚೌಕದಲ್ಲಿ ಅದು ಸುಮಾರು 32 ಲೀಟರ್, ಅಂದರೆ 32 ಕಿಲೋ. ಜೊತೆಗೆ ನಿಂತವರ ತೂಕ, ಅದೂ ಎರಡು ಪಾದದಷ್ಟು ಜಾಗದ ಮೇಲೆ. ತೆಳು ಅಕ್ರಿಲಿಕ್ ಟ್ರೇ ನಡುವೆ ಆಧಾರ ಇಲ್ಲದಿದ್ದರೆ ಕಾಲಿಟ್ಟಾಗಲೆಲ್ಲ ಬಗ್ಗುತ್ತದೆ. ಬಗ್ಗಿದಾಗಲೆಲ್ಲ ವೇಸ್ಟ್ ಜಾಯಿಂಟ್ ಕದಲುತ್ತದೆ. ಒಂದು ದಿನ ವಾಷರ್ ಮಡಚಿಕೊಳ್ಳುತ್ತದೆ. ಮುಂದಿನ ಕತೆ ನಿಮಗೆ ಗೊತ್ತಲ್ವಾ?

ಕಾಲು, ಅಡ್ಡಪಟ್ಟಿ ಯಾವುದೂ ಬಾಗಿಲಿಗೂ ಟ್ರ್ಯಾಪಿಗೂ ನಡುವೆ ಬರಬಾರದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ದಾರಿ ಗೀಟು ಹಾಕಿಬಿಡಿ, ಅಲ್ಲಿ ಏನೂ ನಿಲ್ಲಿಸಬೇಡಿ. ಟ್ರೇ ಅಂಚನ್ನು ನಾಲ್ಕೂ ಕಡೆ ರಸಮಟ್ಟ ಇಟ್ಟು ಸಮ ಮಾಡಿ. ನೀರು ಹರಿಯುವ ಇಳಿಜಾರು ಟ್ರೇ ಒಳಗೇ ಅಚ್ಚಿನಲ್ಲಿ ಇರುತ್ತದೆ, ನೀವು ಟ್ರೇಯನ್ನೇ ವಾಲಿಸಬೇಕಿಲ್ಲ.

ಪ್ಯಾನೆಲ್

ಗಟ್ಟಿ ಪಿವಿಸಿ ಫೋಮ್ ಬೋರ್ಡ್, ಅಲ್ಯೂಮಿನಿಯಂ ಕಾಂಪೋಸಿಟ್ ಶೀಟ್, ಸ್ಟೇನ್‌ಲೆಸ್ ಸ್ಟೀಲ್ ತಗಡು, ಸಿಮೆಂಟ್ ಬೋರ್ಡ್ ಮೇಲೆ ಟೈಲ್ಸ್, ಯಾವುದಾದರೂ ಆದೀತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾತ್ರ ಬೇಡವೇ ಬೇಡ. ಟೈಲ್ಸ್ ಹಚ್ಚಿದ್ದು ಗೋಡೆ ಜೊತೆ ಬೆರೆತು ಚಂದ ಕಾಣುತ್ತದೆ, ಆದರೆ ತೂಕ ಬರುತ್ತದೆ, ಕೈಜಾರಿದರೆ ಮೂಲೆ ಮುರಿಯುತ್ತದೆ. ನನಗೆ ಪಿವಿಸಿ ಬೋರ್ಡೇ ಇಷ್ಟ. ಗರಗಸದಲ್ಲಿ ಕತ್ತರಿಸಬಹುದು, ಕೊಳೆಯುವುದಿಲ್ಲ, ಒಂದು ಕೈಯಲ್ಲಿ ಎತ್ತಬಹುದು. ಉದ್ದದ ಟ್ರೇ ಆದರೆ ಎರಡು ತುಂಡು ಮಾಡಿ. ಎರಡು ತುಂಡು ಸೇರುವ ಗೀಟು, ಅದನ್ನು ಹಿಡಿಯುವ ಗೂಟ, ಸರಿಯಾಗಿ ಟ್ರ್ಯಾಪ್ ಎದುರಿಗೆ ಬರದಂತೆ ನೋಡಿಕೊಳ್ಳಿ.

ಪ್ಯಾನೆಲ್ ಮುಖ ಟ್ರೇ ಅಂಚಿಗಿಂತ 10ರಿಂದ 15 ಮಿ.ಮೀ. ಒಳಗಿರಲಿ. ಸೂರಿನ ಅಂಚಿನಿಂದ ಮಳೆನೀರು ಗೋಡೆಗೆ ತಾಗದೆ ಬೀಳುತ್ತದಲ್ಲ, ಅದೇ ಉಪಾಯ. ಅಂಚಿಗೆ ಸಮನಾಗಿ ಕೂರಿಸಿದರೆ ತೊಟ್ಟಿಕ್ಕುವ ನೀರು ಪ್ಯಾನೆಲ್ ಮೇಲಿನ ಸಂದಿನಲ್ಲಿ ಇಳಿದು ಒಳಗೆ ಸೇರುತ್ತದೆ.

ಹಿಡಿಸುವುದಕ್ಕೆ ಎರಡು ದಾರಿ. ಒಂದು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ಅದನ್ನು ಬರೀ ಮರಕ್ಕೆ ಕಚ್ಚಿಸಬೇಡಿ, ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ತೂತು ಸಡಿಲವಾಗುತ್ತದೆ. ಚೌಕಟ್ಟಿನೊಳಗೆ ಸ್ಕ್ರೂ ಕಚ್ಚಲು ಥ್ರೆಡ್ ಇರುವ ಲೋಹದ ನಟ್ ಕೂರಿಸಿಕೊಂಡರೆ ಬಾಳಿಕೆ ಜಾಸ್ತಿ. ಇನ್ನೊಂದು ಮ್ಯಾಗ್ನೆಟ್. ನೋಡಲು ನುಣುಪು, ಸ್ಕ್ರೂ ಕಾಣುವುದಿಲ್ಲ. ಆದರೆ ಮೇಲಿನ ಲೇಪ ಬಿರುಕು ಬಿಟ್ಟರೆ ಮ್ಯಾಗ್ನೆಟ್ ತುಕ್ಕು ಹಿಡಿದು ಪುಡಿಯಾಗುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಕವಚ ಇರುವುದೇ ಬೇಕು. ಪ್ಯಾನೆಲಿನ ಭಾರ ಮ್ಯಾಗ್ನೆಟ್ ಮೇಲೆ ಬೀಳಬಾರದು. ಕೆಳಗೆ ಎರಡು ಸಣ್ಣ ಆಧಾರ ಕೊಟ್ಟು ಅದರ ಮೇಲೆ ನಿಲ್ಲಿಸಿ, ಮ್ಯಾಗ್ನೆಟ್ ಒರಗಿಸಿ ಹಿಡಿದರೆ ಸಾಕು. ಎಳೆಯಲು ಗಾಜು ಎತ್ತುವ ರಬ್ಬರ್ ಬಟ್ಟಲು ಸಾಲುತ್ತದೆ. ನಾನಂತೂ ಸ್ಕ್ರೂ ಪಕ್ಷ. ನಾಲ್ಕು ಸ್ಕ್ರೂ ತಲೆ ಕಂಡರೆ ಏನಂತೆ, ಮುಂದೆ ಈ ಮನೆಗೆ ಬರುವ ಪ್ಲಂಬರ್‌ಗೆ ಇಲ್ಲಿ ಬಾಗಿಲಿದೆ ಅಂತಲಾದರೂ ತಿಳಿಯುತ್ತದೆ.

ಚಾಡಿ ಹೇಳುವ ಸಂದು

ಪ್ಯಾನೆಲ್ ಕೆಳಗೆ 3 ಮಿ.ಮೀ. ಸಂದು ಬಿಡಿ. ಅದಕ್ಕೆ ಗ್ರೌಟ್ ತುಂಬಬೇಡಿ, ಸಿಲಿಕೋನೂ ಬೇಡ. ಹಾಗೇ ಬಿಡಿ. ಕೆಲಸದವರು ಅಭ್ಯಾಸಬಲದಿಂದ ಮುಚ್ಚಿಬಿಡುತ್ತಾರೆ, ಪಕ್ಕದಲ್ಲೇ ನಿಂತಿರಿ.

ಟ್ರೇ ಕೂರಿಸುವ ಮೊದಲು ಅದರ ಕೆಳಗಿನ ನೆಲಕ್ಕೂ ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆ ಮೇಲೆ ಒಂದು ಗೇಣು ಏರಿಸಿ. ನೆಲ ಪ್ಯಾನೆಲ್ ಕಡೆಗೆ ಕೂದಲೆಳೆಯಷ್ಟು ಇಳಿಜಾರಾಗಿರಲಿ. ಆಗ ಒಳಗೆ ಒಂದು ಹನಿ ಸೋರಿದರೂ ಅದು ಗೋಡೆಗೆ ಇಂಗದೆ, ಸೀಲಿಂಗಿಗೆ ಇಳಿಯದೆ, ಆ ಸಂದಿನಿಂದ ಹೊರಗೆ ಬಂದು ನಿಮ್ಮ ಕಾಲಿಗೇ ತಾಗುತ್ತದೆ. ಸ್ನಾನ ಮಾಡಿ ಒಂದು ಗಂಟೆಯಾದರೂ ಅಲ್ಲಿ ಒದ್ದೆ ಇದ್ದರೆ ಪ್ಯಾನೆಲ್ ತೆಗೆಯುವ ಸಮಯ ಬಂತು ಅಂತ ಲೆಕ್ಕ. ನಮ್ಮ ಹಳೇ ಬಾತ್‌ರೂಮಿನಲ್ಲಿ ಎಲ್ಲ ಕಡೆ ಚೆನ್ನಾಗಿ ಮುಚ್ಚಿದ್ದರು. ಅಷ್ಟು ಚೆನ್ನಾಗಿ ಮುಚ್ಚಿದ್ದಕ್ಕೇ ನೀರು ತಿಂಗಳುಗಟ್ಟಲೆ ಒಳಗೇ ನಿಂತು, ಬೇರೆ ದಾರಿ ಕಾಣದೆ ಸೀಲಿಂಗಿಗೆ ಇಳಿಯಿತು.

ಮೇಲಿಂದ ಎತ್ತುವ ಹಲಗೆ

ಇನ್ನೊಂದು ಬಗೆಯ ಟ್ರೇ ಇದೆ. ತಳದಲ್ಲಿ ನೀರು ಸೋರದ ತಟ್ಟೆ, ಮೇಲೆ ಎತ್ತಿ ತೆಗೆಯುವ ತೇಗದ ಪಟ್ಟಿಗಳ ಹಲಗೆಗಳು. ನೋಡಲು ಬಲು ಸೊಗಸು. ಹಲಗೆಗಳನ್ನು ಎರಡೋ ನಾಲ್ಕೋ ಭಾಗ ಮಾಡಿ, ಒಬ್ಬರೇ ಎತ್ತುವಂತಿರಲಿ. ಪಟ್ಟಿಗಳ ನಡುವಿನ ಸಂದು 8 ಮಿ.ಮೀ. ಮೀರದಿರಲಿ, ಮಕ್ಕಳ ಬೆರಳು ಸಿಕ್ಕಿಕೊಳ್ಳಬಾರದು. ಕೆಳಗಿನ ತಟ್ಟೆಗೆ ಮೀಟರಿಗೆ 20 ಮಿ.ಮೀ. ಇಳಿಜಾರು ಬೇಕು, ಹಲಗೆಯ ಕಾಲಿಗೆ ರಬ್ಬರ್ ಗೊರಸು ಬೇಕು. ವಾರಕ್ಕೊಮ್ಮೆ ಎತ್ತಿ ಸೋಪಿನ ಲೋಳೆ ತೊಳೆಯುವ ತಾಳ್ಮೆಯೂ ಬೇಕು.

ಇಲ್ಲಿ ಜನ ಎಡವುವುದು ಒಂದೇ ಕಡೆ. ಹಲಗೆ ಎತ್ತಿದರೆ ಜಾಲರಿ ಸಿಗುತ್ತದೆ, ಟ್ರ್ಯಾಪಿನ ಬಟ್ಟಲು ಸಿಗುತ್ತದೆ. ತಟ್ಟೆಯ ಕೆಳಗಿರುವ ನಟ್ ಸಿಗುವುದಿಲ್ಲ. ಹಾಗಂತ ತಟ್ಟೆಯಲ್ಲೇ ಒಂದು ಮುಚ್ಚಳ ಕೊರೆಸುವ ಐಡಿಯಾ ಯಾರಾದರೂ ಕೊಟ್ಟರೆ ಕೈಮುಗಿದು ಕಳಿಸಿ. ನೀರು ನಿಲ್ಲುವ ಜಾಗದಲ್ಲಿ ಮುಚ್ಚಳ ಅಂದರೆ ದೋಣಿಯ ತಳಕ್ಕೆ ಬಾಗಿಲು ಇಟ್ಟ ಹಾಗೆ.

ಮುಚ್ಚುವ ಮುಂಚೆ

ಪರೀಕ್ಷೆ ಮಾಡದೆ ಪ್ಯಾನೆಲ್ ಹಾಕಬೇಡಿ. ಪ್ರತಿ ಜಾಯಿಂಟ್ ಕೆಳಗೆ ಒಣಗಿದ ಟಿಶ್ಯೂ ಪೇಪರ್ ಹಾಸಿ. ವೇಸ್ಟ್ ಬಾಯಿಗೆ ಬಿರಡೆ ಹಾಕಿ ಟ್ರೇ ತುಂಬಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಮಾಡಿ, ಕೆಲವು ಗಂಟೆ ಬಿಡಿ. ಆಮೇಲೆ ಬಿರಡೆ ಎಳೆದು ಎಲ್ಲ ನೀರೂ ಒಟ್ಟಿಗೆ ಹೋಗಲು ಬಿಡಿ. ಪೈಪ್ ತುಂಬಿ ಹರಿದಾಗಲೇ ಸಡಿಲ ನಟ್ ಬಣ್ಣ ಬಯಲಾಗುವುದು. ಟಿಶ್ಯೂ ಮೇಲೆ ನಾಣ್ಯದಷ್ಟು ಒದ್ದೆ ಕಂಡರೂ ಆ ನಟ್ ಬಿಚ್ಚಿ ವಾಷರ್ ನೋಡಿ. ಪ್ಲಾಸ್ಟಿಕ್ ನಟ್ ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ತಿರುಚಿದರೆ ವಾಷರ್ ಹಿಂಡಿಕೊಂಡು ಹೊರಗೆ ಬರುತ್ತದೆ. ಬಿಸಿನೀರು ಬಿಟ್ಟೂ ಒಮ್ಮೆ ನೋಡಿ, ಪ್ಲಾಸ್ಟಿಕ್ ಹಿಗ್ಗಿದಾಗ ಜಾಯಿಂಟ್ ಸ್ವಭಾವ ಬದಲಾಗುತ್ತದೆ.

ಗೋಡೆ ಅಂಚಿಗೆ ಬೂಷ್ಟು ಹಿಡಿಯದ ಸಿಲಿಕೋನ್ ಹಾಕುವುದು ಇದಾದ ಮೇಲೆ. ಟ್ರೇ ಮೇಲೆ ಭಾರ ಇಟ್ಟು ಹಾಕಿ, 24 ಗಂಟೆ ಒಣಗಲು ಬಿಟ್ಟು ಆಮೇಲೆ ಭಾರ ತೆಗೆಯಿರಿ. ಹಾಗೆ ಮಾಡಿದರೆ ನೀವು ನಿಂತಾಗ ಸಿಲಿಕೋನ್ ಎಳೆದುಕೊಂಡು ಹರಿಯುವುದಿಲ್ಲ.

ಪಕ್ಕದಲ್ಲಿ ಟೇಪ್ ಹಿಡಿದು ಪೈಪುಗಳ ಫೋಟೊ ತೆಗೆದುಕೊಳ್ಳಿ. ಟ್ರ್ಯಾಪ್ ಅಳತೆ ಬರೆದ ಚೀಟಿ, ಎರಡು ಹೆಚ್ಚುವರಿ ವಾಷರ್ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪ್ಯಾನೆಲ್ ಹಿಂಬದಿಗೆ ಅಂಟಿಸಿ. ಸ್ಕ್ರೂಡ್ರೈವರನ್ನು ಮಾತ್ರ ಅಲ್ಲಿ ಇಡಬೇಡಿ. ನಗಬೇಡಿ, ನಾನು ಇಟ್ಟಿದ್ದೆ.