ಅರ್ಧ ಕೆಲಸ ಬಿಟ್ಟ ಕಂಟ್ರಾಕ್ಟರ್ ಫೋನ್ ಎತ್ತದಿದ್ದರೆ

ಮಾಡಿನ ಹಳೇ ಹೆಂಚು ಇಳಿಸಿ, ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಕಿತ್ತು, ಒಂದು ಬದಿಯ ಪಕ್ಕಾಸು (ರೀಪು ಹೊರುವ ಇಳಿಜಾರು ಮರ) ಕೂರಿಸಿದ ಮೇಲೆ ಕಂಟ್ರಾಕ್ಟರ್ ನಾಪತ್ತೆ. ಮೇ ಮೂರನೇ ವಾರ. ತೀರ್ಥಹಳ್ಳಿ, ಹೊಸನಗರದ ಕಡೆ ಇನ್ನು ಮಳೆ ಯಾವಾಗ ಹಿಡಿಯುತ್ತದೋ ಹೇಳುವಂತಿಲ್ಲ. ಜಗಳ ಆಮೇಲೆ, ಮೊದಲು ಮನೆ.

ಟಾರ್ಪಾಲ್ ಮುಚ್ಚುವ ಮುನ್ನ ಮಾತ್ರ ಫೋಟೊ, ವಿಡಿಯೊ ತೆಗೆದಿಡಿ. ಎಷ್ಟು ಪಕ್ಕಾಸು ಕೂತಿದೆ, ಎಷ್ಟು ಅಡಿ ರೀಪು ಬಾಕಿ, ಅಂಗಳದಲ್ಲಿ ಎಷ್ಟು ಹೆಂಚಿದೆ ಎಂದು ಎಣಿಸಿ, ಬೇರೆ ಮೇಸ್ತ್ರಿಯಿಂದ ಅಳತೆ ಮಾಡಿಸಿ, ತಾರೀಕು ಹಾಕಿ ಅವರ ಮತ್ತು ಪಕ್ಕದ ಮನೆಯವರ ಸಹಿ ತಗೊಳ್ಳಿ. ಹೊಸಬರು ಕೆಲಸ ಶುರು ಮಾಡಿದ ಮೇಲೆ ಹಳಬರು ಮಾಡಿದ್ದೆಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಉಳಿಯುವುದಿಲ್ಲ.

ಟಾರ್ಪಾಲನ್ನು ಮಾಡಿನ ನೆತ್ತಿಯ ಮೇಲಿಂದ ಎರಡೂ ಇಳಿಜಾರಿಗೆ ಇಳಿಬಿಡಿ, ಅಂಚು ಗೋಡೆಯಿಂದ ಒಂದೂವರೆ ಅಡಿ ಹೊರಗಿರಲಿ. ಹಗ್ಗದಲ್ಲಿ ಪಕ್ಕಾಸಿಗೆ ಕಟ್ಟಿ. ಮೊಳೆ ಹೊಡೆದರೆ ಆ ತೂತಲ್ಲೇ ಸೋರುತ್ತೆ, ಗಾಳಿಗೆ ಅಲ್ಲಿಂದಲೇ ಹರಿಯುತ್ತೆ. ಉಳಿದ ಸಿಮೆಂಟ್ ಚೀಲ ಗೋಡೆಗೆ ತಾಗದಂತೆ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ ಮೇಲಿರಲಿ.

ಇನ್ನು ಕಂಟ್ರಾಕ್ಟರ್ ವಿಚಾರ. ಸಿಗ್ನಲ್ ಇರಲಿಲ್ಲ ಅನ್ನೋದು ನಮ್ಮ ಕಡೆ ಒಮ್ಮೊಮ್ಮೆ ನಿಜವೂ ಹೌದು. ಅವರು ಸಾಮಾನು ತರುವ ಹಾರ್ಡ್‌ವೇರ್ ಅಂಗಡಿಯಲ್ಲೋ ಸಾಮಿಲ್‌ನಲ್ಲೋ ವಿಚಾರಿಸಿದರೆ ಈಗ ಯಾವ ಸೈಟಲ್ಲಿದ್ದಾರೆ ಅಂತ ಗೊತ್ತಾಗುತ್ತೆ, ಅಲ್ಲಿಗೇ ಹೋಗಿ. ಎಷ್ಟೋ ಸಲ ನಿಮ್ಮ ಅಡ್ವಾನ್ಸು ಹಿಂದಿನ ಸೈಟು ಮುಗಿಸೋಕೆ ಖರ್ಚಾಗಿರುತ್ತೆ. 'ಇನ್ನೊಂದಿಪ್ಪತ್ತು ಸಾವಿರ ಹಾಕಿ, ನಾಳೆ ಆಳು ಕಳಿಸ್ತೀನಿ' ಅಂದರೆ ಹಾಕಬೇಡಿ. ಆಳು ಬಂದ ದಿನ ಸಂಜೆ, ಆ ದಿನದ ಕೂಲಿ, ಯುಪಿಐನಲ್ಲಿ, ಅಷ್ಟೇ.

ಜೊತೆಗೆ ವಾಟ್ಸಾಪಲ್ಲೂ ಎಸ್‌ಎಂಎಸ್‌ನಲ್ಲೂ ಹೀಗೆ ಕಳಿಸಿ: 'ಮೇ 12ರಿಂದ ಕೆಲಸ ನಿಂತಿದೆ. ಒಪ್ಪಿದ್ದು 2,40,000, ಕೊಟ್ಟಿದ್ದು 1,50,000. ಮೇ 25ರೊಳಗೆ ಶುರು ಮಾಡದಿದ್ದರೆ ಬೇರೆಯವರಿಂದ ಮುಗಿಸಿ, ಹೆಚ್ಚಿನ ಖರ್ಚು ನಿಮ್ಮಿಂದ ಕೇಳುತ್ತೇವೆ.' ಬೈಗುಳ ಬೇಡ, ನಾಳೆ ಈ ಮೆಸೇಜನ್ನು ಬೇರೆಯವರೂ ಓದುತ್ತಾರೆ. ಗಡುವು ಮುಗಿದರೆ ಇದೇ ವಿವರ ಬರೆದು, ಕರಾರು ರದ್ದಾಗಿದೆ ಎಂದು ಸೇರಿಸಿ, ಹಣಕ್ಕೆ 15 ದಿನ ಕೊಟ್ಟು ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ. ರಸೀದಿ, ತಲುಪಿದ ದಾಖಲೆ ಜೋಪಾನ.

ಎಷ್ಟು ಕೇಳಬೇಕು ಎಂಬಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಮೇಲಿನ ಲೆಕ್ಕದಲ್ಲಿ ಆದ ಕೆಲಸ 95,000, ಸೈಟಲ್ಲಿರುವ ಸಾಮಾನು 20,000 ಅಂದರೆ ಅವರ ಕೈಯಲ್ಲಿ ಉಳಿದದ್ದು 35,000. ಬಾಕಿ ಕೆಲಸಕ್ಕೆ ಹೊಸಬರು 1,60,000 ಕೇಳಿದರೆ ನಿಮಗೆ ಒಟ್ಟು ಬೀಳುವುದು 3,10,000, ಒಪ್ಪಂದಕ್ಕಿಂತ 70,000 ಜಾಸ್ತಿ. ಕೇಳಬೇಕಾದ್ದು ಈ 70,000. ಆ 35,000 ಇದರೊಳಗೇ ಇದೆ, ಮತ್ತೆ ಕೂಡಿಸಿದರೆ ನಿಮ್ಮ ಲೆಕ್ಕವನ್ನೇ ಯಾರೂ ನಂಬುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ಇಲ್ಲವೇ ನೇರ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 2 ವರ್ಷದೊಳಗೆ ಹಾಕಬೇಕು. ಬಾಯಿಮಾತಿನ ಕರಾರಾದರೂ ಎಸ್ಟಿಮೇಟ್ ಚೀಟಿ, ಯುಪಿಐ ವಿವರ, ಮೆಸೇಜುಗಳು ಕೆಲಸಕ್ಕೆ ಬರುತ್ತವೆ. ನೀವೇ ನಿಂತು ದಿನಗೂಲಿಗೆ ಮಾಡಿಸಿದ್ದರೆ ಮಾತ್ರ ಈ ದಾರಿ ಕಷ್ಟ. ಪೊಲೀಸ್ ಠಾಣೆಗೆ ಹೋದರೆ ಸಾಮಾನ್ಯವಾಗಿ 'ಇದು ಸಿವಿಲ್' ಅಂದು ಕಳಿಸುತ್ತಾರೆ.

ಹೊಸ ಮೇಸ್ತ್ರಿಗೆ ದುಡ್ಡನ್ನು ಹಂತಹಂತವಾಗಿ ಕೊಡಿ: ಪಕ್ಕಾಸು–ರೀಪು ಮುಗಿದಾಗ ಒಂದಿಷ್ಟು, ಹೆಂಚು ಹೊದಿಸಿದಾಗ ಒಂದಿಷ್ಟು. ಕೊನೆಯ ಹತ್ತು ಪರ್ಸೆಂಟ್ ಎರಡು ಜೋರು ಮಳೆ ಬಿದ್ದು, ನೆತ್ತಿಯಲ್ಲಿ ಸೋರದಿದ್ದ ಮೇಲೆ.